ಬಾಗಳಿ ಕಲ್ಲಪ್ಪ ಮತ್ತು ನನ್ನ ಮೂರನೆಯ ಡ್ರೈವಿಂಗ್ ಪರೀಕ್ಷೆ

ದೇವರಿಗೆ ಕೈ ಮುಗಿದದ್ದಕ್ಕೇ ಪರೀಕ್ಷೆಯಲ್ಲಿ ಫೇಲಾದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನಗೆ ತಿಳಿಸಿರಿ. ಈವರೆಗೆ ನಾನೊಬ್ಬಳೇ ಎಂದು ತಿಳಿದಿದ್ದೇನೆ. ಹೋದ ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಿಗ್ಗೆ, ಇಂಗ್ಲೆಂಡಿನ ಉತ್ತರದ ಕಡೆಯ ಒಂದು ಸಣ್ಣ ಪಟ್ಟಣದಲ್ಲಿ, ನನ್ನ ಡ್ರೈವಿಂಗ್ ಪರೀಕ್ಷೆ ಇನ್ನು ಹತ್ತು ನಿಮಿಷಕ್ಕೆ ಮುಗಿಯುವುದರಲ್ಲಿತ್ತು. ಪಕ್ಕದಲ್ಲಿ ಕುಳಿತಿದ್ದ ಪರೀಕ್ಷಕರು ಅಲ್ಲಿಯವರೆಗೆ ಒಂದೇ ಒಂದು ತಪ್ಪನ್ನೂ ಗುರುತು ಹಾಕಿರಲಿಲ್ಲ. ರಸ್ತೆಯ ತಿರುವಿನಲ್ಲಿ ಒಂದು ಚರ್ಚು ಬಂತು. ಹಳೆಯ ಕಲ್ಲಿನ ಕಟ್ಟಡ, ಎತ್ತರದ ಗೋಪುರ. ನಾನು ಎರಡೂ ಕೈಗಳನ್ನು ಸ್ಟೇರಿಂಗಿನಿಂದ ತೆಗೆದು, ಎದೆಯ ಹತ್ತಿರ ಜೋಡಿಸಿ, ತಲೆ ಬಾಗಿಸಿ ನಮಸ್ಕಾರ ಮಾಡಿದೆ. ತಲೆ ಎತ್ತುವಷ್ಟರಲ್ಲಿ ಸ್ಟೇರಿಂಗ್ ಪರೀಕ್ಷಕರ ಕೈಯಲ್ಲಿತ್ತು.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ ಮೇಲೆ ಅವರು, ಪಾಪ ವಯಸ್ಸಾದವರು, ಗಾಬರಿಯಿಂದ ಕೇಳಿದರು: "ಎದೆ ನೋವು ಬಂತೇ? ಆಂಬುಲೆನ್ಸ್ ಕರೆಸಲೇ?"

"ಇಲ್ಲ ಸರ್. ದೇವರು ಬಂದ" ಎಂದೆ.

ಅವರು ಕೈಯಲ್ಲಿದ್ದ ಟ್ಯಾಬಿನಲ್ಲಿ ಏನನ್ನೋ ಒತ್ತಿ, ಪರೀಕ್ಷೆ ಮುಗಿಯಿತು ಎಂದರು.

ನಾನು ಗಿರಿಜಾ. ತವರು ಹರಪನಹಳ್ಳಿ, ಕೊಟ್ಟ ಮನೆ ಹಗರಿಬೊಮ್ಮನಹಳ್ಳಿ. ವಯಸ್ಸು ನಲವತ್ತೇಳು. ಊರಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದೆ. ಹಾಗಂತ ನರ್ಸ್ ಕೆಲಸ ನನ್ನ ಮುಖ್ಯ ಕಸುಬಲ್ಲ. ಮುಖ್ಯ ಕಸುಬು ಚಿಂತೆ. ಮಳೆ ಬಂದರೆ ಬಂತಲ್ಲ ಎಂದು, ಬರದಿದ್ದರೆ ಬರಲಿಲ್ಲವಲ್ಲ ಎಂದು, ಎರಡೂ ಸರಿಯಾಗಿ ನಡೆದರೆ ಇಷ್ಟು ಸರಿಯಾಗಿ ನಡೆಯುತ್ತಿದೆಯಲ್ಲ, ಏನೋ ಕಾದಿದೆ ಎಂದು. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಸಮಾಧಾನ ಮಾಡುತ್ತಿದ್ದರು. ಈಗ "ಇವತ್ತಿಂದು ಏನೈತಿ ಹೇಳಿಬಿಡು, ಊಟಕ್ಕ ಕೂಡ್ತೀನಿ" ಎನ್ನುತ್ತಾರೆ.

ಯಜಮಾನರು ಲಾರಿ ರಿಪೇರಿ ಮಾಡುತ್ತಿದ್ದವರು. ಬೆನ್ನುಮೂಳೆ ಸವೆದು, ಬಗ್ಗಿ ಮಾಡುವ ಕೆಲಸ ಬೇಡವೆಂದು ಡಾಕ್ಟರು ಹೇಳಿದ ಮೇಲೆ ಮನೆ ನಡೆಯುವುದು ನನ್ನ ಸಂಬಳದ ಮೇಲೆಯೇ. ಮಗಳು ದಾವಣಗೆರೆಯಲ್ಲಿ ಓದುತ್ತಿದ್ದಾಳೆ. ಹೀಗಿರುವಾಗ ಇಂಗ್ಲೆಂಡಿನಲ್ಲಿ ವಯಸ್ಸಾದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸ್ನಾನ ಮಾಡಿಸುವುದು, ಗುಳಿಗೆ ಕೊಡುವುದು, ತಿಂಡಿ ಬಿಸಿ ಮಾಡಿಕೊಡುವುದು, ಹತ್ತು ಮಾತಾಡಿ ಮುಂದಿನ ಮನೆಗೆ ಹೋಗುವುದು. ಮನೆಗಳು ಒಂದೊಂದು ಒಂದೊಂದು ಹಳ್ಳಿಯಲ್ಲಿ. ಬಸ್ಸು ಇಲ್ಲ. ಆದ್ದರಿಂದ ಕಾರು ಓಡಿಸಲು ಬರಬೇಕು, ಲೈಸೆನ್ಸ್ ಇರಬೇಕು ಎಂಬುದೇ ಆ ಕೆಲಸದ ಮೊದಲ ಕರಾರು. ನನ್ನ ಬಳಿ ನಮ್ಮ ದೇಶದ ಲೈಸೆನ್ಸ್ ಇತ್ತು. ಫೆಬ್ರುವರಿ ಮಧ್ಯದಲ್ಲಿ ಅಲ್ಲಿ ಹೋಗಿ ಇಳಿದೆ.

ಇಳಿದ ಮೇಲೆ ತಿಳಿದದ್ದು ಇಷ್ಟು. ನಮ್ಮ ಲೈಸೆನ್ಸಿನ ಮೇಲೆ ಅಲ್ಲಿ ಹನ್ನೆರಡು ತಿಂಗಳು ಗಾಡಿ ಓಡಿಸಬಹುದು. ಹದಿಮೂರನೆಯ ತಿಂಗಳು ಬಿದ್ದರೆ ಅದು ಬರೀ ಫೋಟೋ ಇರುವ ಪ್ಲಾಸ್ಟಿಕ್ ಚೂರು. ಕೆಲವು ದೇಶದವರು ತಮ್ಮ ಲೈಸೆನ್ಸ್ ಕೊಟ್ಟು ಅಲ್ಲಿಯದನ್ನು ಬದಲಿಗೆ ಪಡೆಯಬಹುದಂತೆ. ನಾನೂ ಹಳೇ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಂಡ ಹಾಗೆ ಆಗುತ್ತದೆ ಎಂದುಕೊಂಡು ನೆಮ್ಮದಿಯಾಗಿದ್ದೆ. ಆದರೆ ಆ ದೇಶಗಳ ಪಟ್ಟಿಯಲ್ಲಿ ನಮ್ಮದಿಲ್ಲ. ನಾವು ಮೊದಲಿನಿಂದ ಕಲಿಯುವವರ ಹಾಗೆ ಅರ್ಜಿ ಹಾಕಿ, ಪುಸ್ತಕದ ಪರೀಕ್ಷೆ ಬರೆದು, ರಸ್ತೆಯ ಪರೀಕ್ಷೆ ಕೊಡಬೇಕು. ಪುಸ್ತಕದ ಪರೀಕ್ಷೆ ಒಂದೇ ಸಲಕ್ಕೆ ಪಾಸಾದೆ. ಬಾಯಿಪಾಠ ನಮ್ಮ ಶಾಲೆಗಳು ನನಗೆ ಕೊಟ್ಟ ದೊಡ್ಡ ವಿದ್ಯೆ. ರಸ್ತೆಯ ಪರೀಕ್ಷೆಯಲ್ಲಿ ಆದದ್ದನ್ನು ಮೇಲೆ ಹೇಳಿದ್ದೇನೆ.

ಈ ನಮಸ್ಕಾರದ ಅಭ್ಯಾಸ ನನ್ನ ಅಣ್ಣ ಕೊಟ್ರೇಶನದು. ಅವನು ಗೂಡ್ಸ್ ಗಾಡಿಯಲ್ಲಿ ಹಡಗಲಿಯ ಮಲ್ಲಿಗೆಯನ್ನು ದಾವಣಗೆರೆಗೆ ಹೊಡೆಯುತ್ತಾನೆ. ಹರಪನಹಳ್ಳಿಯಿಂದ ಹಡಗಲಿಗೆ ಖಾಲಿ ಗಾಡಿ ಹೋಗುವಾಗ ನನ್ನ ಕೈಗೆ ಸ್ಟೇರಿಂಗ್ ಕೊಟ್ಟು ಕಲಿಸಿದವನು ಅವನೇ. ನಮ್ಮ ರಸ್ತೆಗಳು ನಿಮಗೆ ಗೊತ್ತು: ಮೈಲಿಗೊಬ್ಬ ಆಂಜನೇಯ, ಎರಡು ಮೈಲಿಗೊಬ್ಬಳು ಊರಮ್ಮ.

"ಲೇ ಗಿರಿಜಾ, ಗುಡಿ ಬಂತು, ಕೈ ಮುಗಿ" ಎನ್ನುತ್ತಿದ್ದ.

"ಯಣ್ಣಾ, ಸ್ಟೇರಿಂಗು?"

"ತೊಡಿ ಎರಡು ಅದಾವಲ್ಲ. ದೇವ್ರು ಸುಮ್ನ ಕೊಟ್ಟಾನೇನು?"

ಹೀಗೆ ತೊಡೆಯಿಂದ ಸ್ಟೇರಿಂಗ್ ಒತ್ತಿ ಹಿಡಿದು ಎರಡೂ ಕೈ ಮುಗಿಯುವುದು ನನಗೆ ಉಸಿರಾಡಿದಷ್ಟು ಸಹಜವಾಯಿತು. ಒಂದು ಕೈ ಎದೆಗೆ ಮುಟ್ಟಿಸಿ ಮುಗಿಸುವವರನ್ನು ಕಂಡರೆ ನನಗೆ ಅವರ ಭಕ್ತಿಯ ಬಗ್ಗೆಯೇ ಅನುಮಾನ. ಗುಡಿ ಯಾರದಾದರೇನು, ಇರುವವನು ಒಬ್ಬನೇ ಎಂದು ನಮ್ಮವ್ವ ಹೇಳಿಕೊಟ್ಟಿದ್ದರಿಂದ ಕೈ ಚರ್ಚಿಗೂ ಎದ್ದಿತು. ಅವ್ವನ ಮಾತು ತಪ್ಪಲ್ಲ, ಅಣ್ಣನ ತೊಡೆಯೂ ತಪ್ಪಲ್ಲ. ಆದರೆ ಅಲ್ಲಿ ಕೆಲಸದ ಗಾಡಿಯಲ್ಲಿ ಮುಟ್ಟುತ್ತಿದ್ದ ನನ್ನ ತೊಡೆ ಪರೀಕ್ಷೆಯ ಸಣ್ಣ ಕಾರಿನಲ್ಲಿ ಸ್ಟೇರಿಂಗಿಗೆ ಮುಟ್ಟುವುದಿಲ್ಲ. ಇದನ್ನು ನಾನು ಪರೀಕ್ಷೆಯ ದಿನ ಕಂಡುಕೊಂಡೆ.

ಎರಡನೆಯ ಪರೀಕ್ಷೆ ನವೆಂಬರಿನಲ್ಲಿ. ಆ ಸಲ ನಾನು ಸಿದ್ಧಳಾಗಿದ್ದೆ. ಆ ಪಟ್ಟಣದಲ್ಲಿ ಎಷ್ಟು ಚರ್ಚುಗಳಿವೆ, ಯಾವ ತಿರುವಿನಲ್ಲಿವೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಅಲ್ಲಿಯ ಪಾದ್ರಿಗಳ ಹತ್ತಿರವೂ ಅಂಥ ಪಟ್ಟಿ ಇರಲಿಕ್ಕಿಲ್ಲ. ಹರಕೆಗಳನ್ನೂ ಹೊತ್ತೆ. ಬಾಗಳಿಯ ಕಲ್ಲೇಶ್ವರ ನಮ್ಮ ತವರಿನ ಮನೆದೇವರು, ನಮ್ಮ ಬಾಯಲ್ಲಿ ಕಲ್ಲಪ್ಪ, ಅವನಿಗೊಂದು ರುದ್ರಾಭಿಷೇಕ. ಅಷ್ಟಕ್ಕೇ ಬಿಟ್ಟಿದ್ದರೆ ಸರಿ. ಕೈಲಿದ್ದ ಕೆಲಸ ಹೋದರೆ ಎಂಬ ಭಯಕ್ಕೆ ಉಳಿದ ದೇವರುಗಳಿಗೂ ಒಂದೊಂದು ಹೇಳಿಕೊಂಡೆ, ಒಬ್ಬರದು ಒಬ್ಬರಿಗೆ ತಿಳಿಯದ ಹಾಗೆ.

ಪರೀಕ್ಷೆಯ ದಿನ ಅದೇ ತಿರುವು ಬಂತು, ಅದೇ ಚರ್ಚು ಬಂತು. ನಾನು ಹಲ್ಲು ಕಚ್ಚಿ, ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಗೋಪುರ ಕಣ್ಣಿಗೇ ಬೀಳಬಾರದೆಂದು ಮುಖವನ್ನು ಆಚೆ ತಿರುಗಿಸಿದೆ. ಆಗ ಗಾಡಿ ಒಮ್ಮೆಲೇ ನಿಂತಿತು. ಬ್ರೇಕ್ ಒತ್ತಿದವಳು ನಾನಲ್ಲ, ಪಕ್ಕದಲ್ಲಿದ್ದ ಪರೀಕ್ಷಕರು; ಅವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಚರ್ಚಿನ ಮುಂದಿನ ಬಿಳಿ ಪಟ್ಟೆಯ ಮೇಲೆ, ನನ್ನ ಗಾಡಿಯಿಂದ ಎರಡು ಮಾರು ದೂರದಲ್ಲಿ, ಕೋಲು ಹಿಡಿದ ಒಬ್ಬ ಮುದುಕಿ ನಿಂತಿದ್ದಳು. ಅವಳು ನನ್ನನ್ನು ನೋಡಿದಳು, ಬೈಯಲಿಲ್ಲ. ಕೋಲೂರಿಕೊಂಡು ನಿಧಾನ ದಾಟಿ ಹೋದಳು. ಅಂಥವರನ್ನು ನೋಡಿಕೊಳ್ಳುವುದಕ್ಕೆಂದೇ ನಾನು ಆ ದೇಶಕ್ಕೆ ಹೋದವಳು. ಕೆಳಗಿಳಿದು ಗೋಡೆಗೆ ಆನಿಕೊಂಡು ಅತ್ತೆ. ಲೈಸೆನ್ಸಿಗೆ ಅತ್ತದ್ದಲ್ಲ ಅದು.

ಅಂದಿನಿಂದ ನನ್ನ ಚಿಂತೆಗೆ ಹೊಸ ಬೇರು ಬಂತು. ದೇವರ ಕಡೆ ತಿರುಗಿದೆ, ಫೇಲಾದೆ. ದೇವರಿಂದ ಮುಖ ತಿರುಗಿಸಿದೆ, ಒಂದು ಜೀವ ಹೋಗುವುದರಲ್ಲಿತ್ತು. ಇನ್ನು ಯಾವ ಕಡೆ ನೋಡಬೇಕು?

ಮುಂದಿನ ಪರೀಕ್ಷೆಗೆ ಸಿಕ್ಕ ದಿನ ಮಾರ್ಚ್ ಎರಡನೆಯ ವಾರ. ನನ್ನ ಹನ್ನೆರಡು ತಿಂಗಳು ಮುಗಿಯುವುದು ಫೆಬ್ರುವರಿ ಹದಿನೈದಕ್ಕೆ. ನಡುವೆ ಯಾರಾದರೂ ತಮ್ಮ ದಿನ ಬಿಟ್ಟುಕೊಟ್ಟರೆ ಆ ಜಾಗ ಮೊಬೈಲಿನಲ್ಲಿ ಕಾಣುತ್ತದೆ, ಮೊದಲು ಒತ್ತಿದವರಿಗೆ ಸಿಗುತ್ತದೆ. ದಿನಕ್ಕೆ ನಲವತ್ತು ಸಲ ನೋಡಿದೆ. ಕಾಣುತ್ತಿತ್ತು, ಒತ್ತುವಷ್ಟರಲ್ಲಿ ಹೋಗುತ್ತಿತ್ತು. ನಮ್ಮ ಕೆಲಸದ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಆದರೂ ಅವಳೂ ಹೇಳಿದಳು: "ಹದಿನಾರನೆಯ ತಾರೀಖಿನಿಂದ ನಿನ್ನನ್ನು ಒಬ್ಬಳೇ ಗಾಡಿ ಕೊಟ್ಟು ಕಳಿಸುವಂತಿಲ್ಲ. ಗಾಡಿ ಇಲ್ಲದ ಕೆಲಸ ನಮ್ಮಲ್ಲಿಲ್ಲ. ಕೆಲಸ ಹೋದರೆ ವೀಸಾ ಕೂಡ ಉಳಿಯುವುದಿಲ್ಲ, ಗೊತ್ತಲ್ಲ?" ಗೊತ್ತಿತ್ತು. ನನಗೆ ಗೊತ್ತಿಲ್ಲದ ಕೆಟ್ಟ ಸುದ್ದಿ ಯಾವುದೂ ಇರುವುದಿಲ್ಲ.

ಜನವರಿಯಲ್ಲಿ ಅವ್ವನಿಗೆ ಹರಪನಹಳ್ಳಿಯಲ್ಲಿ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿತ್ತು. ಅದಕ್ಕೆಂದು ಮೊದಲೇ ಬರೆಸಿಟ್ಟಿದ್ದ ಹದಿನೈದು ದಿನದ ರಜೆಯಲ್ಲಿ ಊರಿಗೆ ಬಂದೆ. ಬರುವಾಗ ನನ್ನ ಸಾಮಾನನ್ನೆಲ್ಲ ತುಂಬಿಕೊಂಡೇ ಬಂದಿದ್ದೆ. ಯಜಮಾನರು ಪೆಟ್ಟಿಗೆ ಎತ್ತಿ ನೋಡಿ, ಬೆನ್ನು ಹಿಡಿದುಕೊಂಡು, "ತಿರುಗಿ ಹೋಗೋದಿಲ್ಲಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೀಯೇನು?" ಎಂದರು. ನಾನು ಪೆಟ್ಟಿಗೆಯನ್ನು ಎಳೆದುಕೊಂಡು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹರಪನಹಳ್ಳಿಗೆ ಹೊರಟೆ. ಕೊಟ್ಟೂರಿನಲ್ಲಿ ಗುಡಿಯ ಕಡೆಯ ತಿರುವಿನಲ್ಲಿ ಡ್ರೈವರ್ ಒಂದು ಕೈ ಎದೆಗೆ ಮುಟ್ಟಿಸಿ, ತುಟಿಗೆ ಮುಟ್ಟಿಸಿ, ಮತ್ತೆ ಗೇರಿನ ಮೇಲಿಟ್ಟ. ಎಷ್ಟೋ ವರ್ಷ ಅಂಥವರ ಭಕ್ತಿಯನ್ನು ಅನುಮಾನಿಸಿದವಳು ಆ ದಿನ ಅವನನ್ನು ನೋಡಿ ಹೊಟ್ಟೆಕಿಚ್ಚುಪಟ್ಟೆ. ಅವನಿಗೆ ಕೆಲಸ ಇತ್ತು.

ಅವ್ವನ ಆಪರೇಷನ್ ಚೆನ್ನಾಗಿ ಆಯಿತು. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು ಮಂಚದ ಮೇಲೆ ಕೂತು, ಇನ್ನೊಂದು ಕಣ್ಣಿನಿಂದ ನನ್ನ ಮುಖ ಓದುತ್ತಿದ್ದಳು.

"ಏನವಾ ಸೊರಗೀದಿ. ಅಲ್ಲಿ ಊಟ ಸೇರೋದಿಲ್ಲೇನು?"

ಎಲ್ಲವನ್ನೂ ಹೇಳಿದೆ. ಚರ್ಚು, ಮುದುಕಿ, ಫೆಬ್ರುವರಿ ಹದಿನೈದು.

ಅವ್ವ ಪೂರ್ತಿ ಕೇಳಿ, "ಚಿಂತಿ ಮಾಡಾಕ ಅಷ್ಟು ದೂರ ಹೋಗಬೇಕಿತ್ತೇನು? ಇಲ್ಲೇ ಮಾಡ್ತಿದ್ದೆಲ್ಲ ಚೊಲೋ" ಎಂದಳು. ಆಮೇಲೆ ಮಗನ ಕಡೆ ತಿರುಗಿ, "ಕೊಟ್ರ್ಯಾ, ಸೋಮವಾರ ಇಕಿನ್ನ ಕಲ್ಲಪ್ಪನ ಹಂತ್ಯಾಕ ಕರಕೊಂಡು ಹೋಗು. ನಾನೂ ಬರ್ತೀನಿ" ಎಂದಳು.

ಸೋಮವಾರ ಬೆಳಿಗ್ಗೆ, ಮಲ್ಲಿಗೆ ಇಳಿಸಿ ದಾವಣಗೆರೆಯಿಂದ ತಿರುಗಿ ಬಂದ ಅಣ್ಣ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿ, ಕೀಲಿಯನ್ನು ನನ್ನ ಕಡೆ ಎಸೆದ.

"ನಾ ಒಲ್ಲೆ" ಎಂದೆ.

"ಒಲ್ಲೆ ಅಂದ್ರ? ಇಡೀ ಇಂಗ್ಲೆಂಡಿನಾಗ ಓಡಿಸಿದಾಕಿ ಬಾಗಳಿಗೆ ಓಡಿಸಲ್ಲೇನು? ಹತ್ತು."

ಕಪ್ಪು ಕನ್ನಡಕ ಹಾಕಿಕೊಂಡ ಅವ್ವ ನಡುವಿನ ಸೀಟಿನಲ್ಲಿ ಕೂತು ಕೇಳಿದಳು: "ಯಾರು ಓಡಿಸ್ತಾರ?"

"ಗಿರಿಜಾ" ಎಂದ ಅಣ್ಣ.

"ಹಂಗಾರ ಈ ಕಣ್ಣಿಗೂ ಬಟ್ಟಿ ಕಟ್ರಿ."

ಬಾಗಳಿ ದೂರವೇನಲ್ಲ. ಆದರೂ ದಾರಿಯಲ್ಲಿ ನಾಲ್ಕು ಗುಡಿ ಬಂದವು. ನಾಲ್ಕಕ್ಕೂ ಅಣ್ಣ ಕೈ ಮುಗಿದ, ಅವ್ವ ಕೈ ಮುಗಿದಳು, ನಾನು ಅಪರಾಧಿಯ ಹಾಗೆ ಸ್ಟೇರಿಂಗ್ ಹಿಡಿದು ಕೂತಿದ್ದೆ.

ಗುಡಿಯಲ್ಲಿ ಅಷ್ಟು ಹೊತ್ತಿಗೆ ಜನ ಇರಲಿಲ್ಲ. ಅಣ್ಣ ಅವ್ವನನ್ನು ಕಂಬಗಳ ಮಂಟಪದ ನೆರಳಿನಲ್ಲಿ ಕೂರಿಸಿ ಕಾಯಿ ತರಲು ಹೋದ. ನಾನು ಒಳಗೆ ಹೋಗಿ ಕಲ್ಲಪ್ಪನ ಎದುರು ನಿಂತೆ. ಬೇಡಿಕೊಳ್ಳಬೇಕೆಂದು ಬಂದವಳಿಗೆ ಬಾಯಿಂದ ಬಂದದ್ದು ಜಗಳ.

"ನಿನಗ ಕೈ ಮುಗಿದ್ರೂ ಫೇಲು, ಮುಗೀದಿದ್ರೂ ಫೇಲು. ಒಂದು ಸಲ ನನ್ನ ಮಾನ ಕಳದಿ, ಇನ್ನೊಂದು ಸಲ ಒಬ್ಬಾಕಿ ಮುದುಕಿನ್ನ ಕೊಲ್ಲಸ್ತಿದ್ದಿ. ನನಗೇನು ಮಾಡಂತಿ? ಹೇಳು. ಬಾಯಿ ಬಿಟ್ಟು ಹೇಳು."

ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಪೂಜೆಯ ಅಯ್ಯನವರು. ಅರವತ್ತು ದಾಟಿದ ಮನುಷ್ಯ, ಒದ್ದೆ ಪಂಚೆ, ಎರಡೂ ಕೈಯಲ್ಲಿ ತುಂಬಿದ ಹಿತ್ತಾಳೆ ಕೊಡ. ದಾರಿಗೆ ಅಡ್ಡ ನಾನು ನಿಂತಿದ್ದೆ. ನಾಚಿಕೆಯಿಂದ ಸತ್ತಂತಾಯಿತು, ಏನೋ ಒಂದು ಹೇಳಬೇಕಲ್ಲ ಎಂದು ನಡೆದದ್ದನ್ನೆಲ್ಲ ಅವರಿಗೂ ಹೇಳಿಬಿಟ್ಟೆ. ಕೊಡ ಹಿಡಿದುಕೊಂಡೇ ಕೇಳಿದರು.

"ನೋಡು ತಂಗಿ, ನಾನು ದಿನಾ ಬೆಳಿಗ್ಗಿ ನೀರು ತುಂಬ್ಕೊಂಡು ಈ ಬಾಗಲ್ದಾಗ ಬರ್ತೀನಿ. ಬಂದ ಕೂಡ್ಲೆ ಎದುರಿಗೆ ಅವ ಕಾಣ್ತಾನ. ಎರಡೂ ಕೈಯಾಗ ಕೊಡ ಅದಾವ."

"ಮತ್ತ ಕೈ ಮುಗಿಯೋದು ಹೆಂಗ್ರಿ?"

"ಮುಗಿಯಾಕ ಆಗೋದಿಲ್ಲ. ಬಿಟ್ರ ನೀರು ಚೆಲ್ಲತಾವ."

"ಮತ್ತ ಏನು ಮಾಡ್ತೀರಿ?"

"ಒಳಗ ಹೋಗ್ತೀನಿ" ಎಂದರು. "ಅವನ ನೀರೇ ಅಲ್ಲೇನವಾ ಇದು? ಅವಗ ಗೊತ್ತಾಗೋದಿಲ್ಲೇನು? ಈಗ ಸ್ವಲ್ಪ ಸರಿ, ನನ್ನ ತೋಳು ಸೇದಾಕ ಹತ್ಯಾವ."

ನಾನು ಸರಿದೆ. ಅವರು ಒಳಗೆ ಹೋದರು. ಹೋಗುವಾಗ ಅವರ ಕಣ್ಣು ಕಲ್ಲಪ್ಪನ ಮೇಲೂ ಇತ್ತು, ಕಾಲ ಕೆಳಗಿನ ಹೊಸ್ತಿಲ ಮೇಲೂ ಇತ್ತು. ಒಂದು ಹನಿ ಚೆಲ್ಲಲಿಲ್ಲ. ಅಭಿಷೇಕದ ನೀರು ಕಲ್ಲಿನ ಮೇಲೆ ಬೀಳುವ ಸದ್ದು ಕೇಳುತ್ತ ನಾನು ಅಲ್ಲೇ ಕೂತೆ. ಎಷ್ಟು ಹೊತ್ತು ಕೂತೆನೋ ತಿಳಿಯದು. ಆ ಹೊತ್ತಿನಲ್ಲಿ ನನಗೆ ಒಂದೂ ಚಿಂತೆ ಬರಲಿಲ್ಲ. ಇಷ್ಟು ಹೊತ್ತು ಚಿಂತೆ ಬರಲಿಲ್ಲವಲ್ಲ ಎಂಬ ಚಿಂತೆ ಹೊರಗೆ ಬಂದ ಮೇಲೆಯೇ ಬಂದದ್ದು.

ಹೊರಗೆ ಕಟ್ಟೆಯ ಮೇಲೆ ಅಣ್ಣ ಕಾಯಿ ಒಡೆದು ಅವ್ವನಿಗೆ ಚೂರು ಕೊಡುತ್ತಿದ್ದ. ನಾನು ರೂಢಿಯಂತೆ ಮೊಬೈಲ್ ತೆಗೆದೆ. ನಮ್ಮಲ್ಲಿ ಆಗ ಮಧ್ಯಾಹ್ನ ಹನ್ನೆರಡು. ಅಲ್ಲಿ ಬೆಳಗಿನ ಆರೂವರೆ. ಒಂದು ಜಾಗ ಇತ್ತು. ಫೆಬ್ರುವರಿ ಮೊದಲ ವಾರ, ಶುಕ್ರವಾರ. ಆದರೆ ನಮ್ಮ ಪಟ್ಟಣದಲ್ಲಲ್ಲ. ಗುಡ್ಡಗಳ ನಡುವಿನ ಬೇರೊಂದು ಊರಿನಲ್ಲಿ. ಆ ಊರಿನ ರಸ್ತೆಯನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಅಲ್ಲಿಯ ಚರ್ಚುಗಳ ಪಟ್ಟಿ ನನ್ನ ಹತ್ತಿರ ಇರಲಿಲ್ಲ. ಬೆರಳು ನಿಂತಿತು.

"ಏನದು?" ಎಂದ ಅಣ್ಣ.

"ಒಂದು ದಿನ ಸಿಗಾಕ ಹತ್ತೈತಿ. ಗೊತ್ತಿಲ್ಲದ ಊರು."

"ಗೊತ್ತಿರೋ ಊರಾಗ ಎರಡು ಸಲ ಏನು ಕಡಿದು ಕಟ್ಟೆ ಹಾಕಿದಿ? ಒತ್ತು."

ಒತ್ತಿದೆ. ಕೈ ತಪ್ಪಲಿಲ್ಲ. ಮಾರ್ಚಿನ ಪರೀಕ್ಷೆ ಫೆಬ್ರುವರಿಗೆ ಬಂತು. ಎರಡು ತಿಂಗಳು ದಿನಕ್ಕೆ ನಲವತ್ತು ಸಲ ಒತ್ತಿದರೂ ಸಿಗದ್ದು, ಕಲ್ಲಪ್ಪನ ಕಟ್ಟೆಯ ಮೇಲೆ, ಬಾಯಲ್ಲಿ ಕಾಯಿಚೂರು ಇಟ್ಟುಕೊಂಡಿದ್ದಾಗ ಸಿಕ್ಕಿತು. ಇದನ್ನು ನೀವು ಕಾಕತಾಳೀಯ ಎಂದರೆ ನಾನು ವಾದಿಸುವುದಿಲ್ಲ. ಉಳಿದದ್ದನ್ನೂ ಓದಿ ಆಮೇಲೆ ಹೇಳಿರಿ.

ರಜೆ ಮುಗಿಸಿ ಇಂಗ್ಲೆಂಡಿಗೆ ಮರಳಿದೆ. ಆ ಶುಕ್ರವಾರ ಅಲ್ಲಿ ಎಲುಬು ಕೊರೆಯುವ ಚಳಿ. ನನಗೆ ಅಲ್ಲಿ ಡ್ರೈವಿಂಗ್ ಅಭ್ಯಾಸ ಮಾಡಿಸುತ್ತಿದ್ದ ಮೇಡಂ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗಿ, ಪರೀಕ್ಷೆಯ ಕಚೇರಿಯ ಮುಂದೆ ಬಿಟ್ಟಳು. ಈ ಸಲದ ಪರೀಕ್ಷಕಿ ಒಬ್ಬ ಕಿರಿಯ ಹೆಂಗಸು. ನಗು ಎಂಬುದು ಆ ಮುಖಕ್ಕೆ ಎಂದೂ ಪರಿಚಯವಾದಂತೆ ಕಾಣಲಿಲ್ಲ. ದೂರದ ನಂಬರ್ ಪ್ಲೇಟ್ ಓದಿಸಿದಳು, ಹೊರಡಿಸಿದಳು.

ಹತ್ತನೆಯ ನಿಮಿಷಕ್ಕೆ ಚರ್ಚು ಬಂದೇ ಬಂತು. ಬರದೆ ಇರುತ್ತದೆಯೇ? ಕೈಯೊಳಗೆ ಆ ಹಳೆಯ ಸೆಳೆತ ಎದ್ದದ್ದು ನನಗೆ ತಿಳಿಯಿತು. ಆದರೆ ಮುಖ ತಿರುಗಿಸಲಿಲ್ಲ. ಗೋಪುರವನ್ನು ನೋಡಿದೆ, ಗೇಟನ್ನು ನೋಡಿದೆ, ಗೇಟಿನಿಂದ ನಾಯಿ ಹಿಡಿದುಕೊಂಡು ಹೊರಬರುತ್ತಿದ್ದ ಮುದುಕನನ್ನೂ ನೋಡಿದೆ. ಅವನು ರಸ್ತೆಗೆ ಇಳಿಯುವ ಮೊದಲೇ ಗಾಡಿ ನಿಧಾನ ಮಾಡಿ ನಿಲ್ಲಿಸಿದೆ. ಅವನು ಕೈ ಎತ್ತಿ ಥ್ಯಾಂಕ್ಸ್ ಹೇಳಿ ದಾಟಿದ. ನನ್ನೆರಡು ಕೈಯೂ ಸ್ಟೇರಿಂಗಿನ ಮೇಲೆ ಇದ್ದವು. 'ಇದೂ ನಿನ್ನ ನೀರೇ' ಎಂದುಕೊಂಡೆ ಮನಸ್ಸಿನಲ್ಲಿ, ಮುಂದೆ ಹೋದೆ.

ಊರು ದಾಟಿತು. ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಎರಡು ಗಾಡಿ ಕಷ್ಟಪಟ್ಟು ಹಿಡಿಯುವಷ್ಟು ರಸ್ತೆ. ಒಂದು ಏರು ಹತ್ತಿ ತಿರುಗಿದರೆ ಎದುರಿಗೆ ಕುರಿ. ಒಂದಲ್ಲ ಎರಡಲ್ಲ, ಗೋಡೆಯಿಂದ ಗೋಡೆಗೆ ತುಂಬಿಕೊಂಡು ನೂರಾರು ಕುರಿ ನಮ್ಮ ಕಡೆಗೇ ಬರುತ್ತಿದ್ದವು. ತೀರಾ ಹಿಂದೆ ಒಬ್ಬ ಮನುಷ್ಯ, ಒಂದು ನಾಯಿ.

ಪರೀಕ್ಷಕಿಯ ಬೆರಳು ಟ್ಯಾಬಿನ ಮೇಲೆ ನಿಂತದ್ದು ಕಣ್ಣಂಚಿನಲ್ಲಿ ಕಂಡಿತು. ನಾನೇನು ಮಾಡುತ್ತೇನೆಂದು ಕಾಯುತ್ತಿದ್ದಳು. ಅಲ್ಲಿಯವರೆಗೆ ಆ ದೇಶದಲ್ಲಿ ನನಗೆ ಗೊತ್ತಿದ್ದದ್ದೆಲ್ಲ ಪುಸ್ತಕದಿಂದ ಕಲಿತದ್ದು. ಕುರಿ ಮಾತ್ರ ಹಾಗಲ್ಲ. ಕಾನಹೊಸಹಳ್ಳಿ, ಕೂಡ್ಲಿಗಿ ಕಡೆ ಓಡಾಡಿದವರಿಗೆ ಕುರಿಹಿಂಡಿನ ಮುಂದೆ ಹೇಗಿರಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಾರ್ನ್ ಹೊಡೆದರೆ ಹಿಂಡು ಒಡೆಯುತ್ತದೆ. ನುಗ್ಗಿಸಿದರೆ ಒಂದು ಗಾಲಿಗೆ ಸಿಗುತ್ತದೆ, ಆಮೇಲೆ ನೀವುಂಟು, ಕುರಿ ಕಾಯುವವರ ಬಡಿಗೆಯುಂಟು. ದೂರದಲ್ಲೇ ಒಂದು ಮಗ್ಗುಲಿಗೆ ನಿಂತು, ಎಂಜಿನ್ ಆರಿಸಿ, ಕಲ್ಲಿನ ಹಾಗೆ ಕೂತುಬಿಡಬೇಕು. ಹಿಂಡು ತಾನೇ ನಿಮ್ಮನ್ನು ದಾಟಿಕೊಂಡು ಹೋಗುತ್ತದೆ. ನಾನು ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿದೆ. ಕುರಿಗಳು ಗಾಡಿಯ ಮೂತಿಯನ್ನು ಸವರಿಕೊಂಡು ಆಚೆ ಗೋಡೆಯ ಗೇಟಿನೊಳಗೆ ಹರಿದವು. ಆ ಉಣ್ಣೆಯ ವಾಸನೆಗೆ ಒಂದು ಗಳಿಗೆ ನಾನು ಎಲ್ಲಿದ್ದೇನೆ ಎಂಬುದೇ ಮರೆಯಿತು.

ಆಗ ಕನ್ನಡಿಯಲ್ಲಿ ಒಂದು ಬಿಳಿ ವ್ಯಾನ್ ಕಂಡಿತು. ಏರು ಹತ್ತಿ ರಭಸದಿಂದ ಬರುತ್ತಿತ್ತು. ಅವನಿಗೆ ನನ್ನ ಕಾರು ಕಾಣುತ್ತದೆ, ಕಾರಿನ ಮುಂದಿನ ಕುರಿಗಳು ಕಾಣುವುದಿಲ್ಲ. ನಿಂತ ಕಾರೆಂದು ಪಕ್ಕದಿಂದ ನುಗ್ಗಿದರೆ ನಡುವೆ ಕುಂಟುತ್ತ ಬರುತ್ತಿದ್ದ ಒಂದು ಗಬ್ಬದ ಕುರಿ ಉಳಿಯುವುದಿಲ್ಲ. ನಾನು ಯೋಚಿಸಲಿಲ್ಲ. ಗಾಜು ಇಳಿಸಿ, ಬಲಗೈಯನ್ನು ಉದ್ದಕ್ಕೆ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಿದೆ. ನಮ್ಮ ಕಡೆ ಲಾರಿಯವರು ಹಿಂದಿನವರಿಗೆ 'ನಿಧಾನ' ಎಂದು ಹೇಳುವ ಹಾಗೆ. ವ್ಯಾನ್ ನಿಧಾನವಾಯಿತು, ನಿಂತಿತು. ಗಬ್ಬದ ಕುರಿ ಕುಂಟುತ್ತ ದಾಟಿತು. ಕೊನೆಗೆ ಬಂದ ಕುರಿಯ ಮನುಷ್ಯ ಟೋಪಿ ಮುಟ್ಟಿ ಹೋದ.

ಕೈ ಒಳಗೆ ತೆಗೆದುಕೊಂಡ ಮೇಲೆ ನನಗೆ ಎಚ್ಚರವಾಯಿತು. ಮತ್ತೆ ಕೈ ಬಿಟ್ಟೆ! ಅದೂ ಈ ಸಲ ಕಿಟಕಿಯ ಹೊರಗೇ ಚಾಚಿದೆ. ಪರೀಕ್ಷಕಿ ಟ್ಯಾಬಿನಲ್ಲಿ ಏನೋ ಬರೆಯುತ್ತಿದ್ದಳು. ಅರ್ಧ ಪುಟ ಬರೆದಷ್ಟು ಹೊತ್ತು ಬರೆದಳು. ಮುಂದಿನ ಹದಿನೈದು ನಿಮಿಷ ನಾನು ಮೈಯಲ್ಲಿ ಜೀವ ಇಲ್ಲದವಳ ಹಾಗೆ ಓಡಿಸಿದೆ. ಮನಸ್ಸಿನಲ್ಲಿ ಪೆಟ್ಟಿಗೆ ತುಂಬುತ್ತಿದ್ದೆ, ಯಜಮಾನರಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದೆ, ಹಳೆಯ ನರ್ಸಿಂಗ್ ಹೋಮಿನಲ್ಲಿ ನನ್ನ ಜಾಗ ಖಾಲಿ ಇರಬಹುದೇ ಎಂದು ಲೆಕ್ಕ ಹಾಕುತ್ತಿದ್ದೆ. ಕಾಲು ಕೈ ಮಾತ್ರ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

ಕಚೇರಿಯ ಮುಂದೆ ನಿಲ್ಲಿಸಿದಾಗ ಪರೀಕ್ಷಕಿ ನನ್ನ ಕಡೆ ತಿರುಗಿದಳು.

"ಆ ಕೈಸನ್ನೆಯನ್ನು ಎಲ್ಲಿ ಕಲಿತಿರಿ?"

"ತಪ್ಪಾಯಿತು ಮೇಡಂ" ಎಂದೆ.

"ತಪ್ಪಲ್ಲ. ನಮ್ಮ ಪುಸ್ತಕದಲ್ಲಿಯೇ ಇದೆ. ನಾನು ಈ ಕೆಲಸಕ್ಕೆ ಬಂದ ಮೇಲೆ ಒಬ್ಬರೂ ಮಾಡಿದ್ದನ್ನು ನೋಡಿರಲಿಲ್ಲ. ಎಲ್ಲಿ ಕಲಿತಿರಿ?"

"ಕೂಡ್ಲಿಗಿಯಲ್ಲಿ" ಎಂದೆ.

"ಅದು ಯಾವ ಡ್ರೈವಿಂಗ್ ಸ್ಕೂಲು?"

"ದೊಡ್ಡ ಸ್ಕೂಲು ಮೇಡಂ. ಊರೇ ಸ್ಕೂಲು."

ಆಗ ಆ ಮುಖಕ್ಕೂ ನಗುವಿಗೂ ಪರಿಚಯವಾಯಿತು. "ಸಣ್ಣ ತಪ್ಪು ಮೂರು. ಪಾಸಾಗಿದ್ದೀರಿ" ಎಂದಳು.

ನಾನು ಗಾಡಿಯಿಂದ ಇಳಿದು, ಆ ಚಳಿಯಲ್ಲಿ ಬೂಟು ಕಳಚಿ, ಎರಡೂ ಕೈ ಜೋಡಿಸಿ ನಿಂತೆ. ಅಭ್ಯಾಸ ಮಾಡಿಸುತ್ತಿದ್ದ ಮೇಡಂ ಓಡಿ ಬಂದಳು, ನಾನು ಮತ್ತೆ ಫೇಲಾದೆ ಎಂದುಕೊಂಡು.

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. ಅವನು ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳದೆ ಅವ್ವನಿಗೆ ಕೂಗಿ ಹೇಳಿದ. ಅವ್ವ ಫೋನು ಕಸಿದುಕೊಂಡಳು.

"ಕುರಿ ಬಂದ್ವಂತಲ್ಲ?"

"ಹೂನವಾ."

"ಎಷ್ಟು?"

"ನೂರಾರು."

ಅವ್ವ, "ಅಲ್ಲ, ನಮ್ಮ ಕಲ್ಲಪ್ಪಗ ಅಲ್ಲಿ ಅಷ್ಟೊಂದು ಕುರಿ ಯಾರು ಕೊಟ್ರು?" ಎಂದಳು. ಹಿಂದಿನಿಂದ ಅಣ್ಣ, "ಅವಗೇನು ಕಡಿಮಿ ಐತಿ, ಎಲ್ಲಾ ಕಡೀಗೂ ಗುರುತಿನ ಮಂದಿ ಇರ್ತಾರ" ಎನ್ನುತ್ತಿದ್ದ. ಯಜಮಾನರಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: "ಮತ್ತ ಇವತ್ತು ಯಾವುದರ ಚಿಂತಿ ಮಾಡ್ತಿ?" ಉತ್ತರ ಹೊಳೆಯಲಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅದೇ ಮೊದಲು.

ಕುರಿಗಳನ್ನು ಕಲ್ಲಪ್ಪನೇ ಹೊಡೆದುಕೊಂಡು ಬಂದ ಎಂದು ನಾನು ಹೇಳುವುದಿಲ್ಲ. ಅವುಗಳಿಗೊಬ್ಬ ಮಾಲೀಕನಿದ್ದ, ನಾಯಿ ಇತ್ತು. ಆದರೆ ಹುಟ್ಟಿದಾಗಿನಿಂದ ಎಲೆ ಅಲುಗಿದರೆ ಹೆದರುವ ನನ್ನಂಥವಳನ್ನು ಆ ನೂರಾರು ಕುರಿಗಳ ನಡುವೆ ಅಲ್ಲಾಡದೆ ಕೂರಿಸಿದವನು ಯಾರು? ಅದು ನನ್ನ ಸ್ವಂತ ಶಕ್ತಿಯಲ್ಲ ಎಂಬುದಕ್ಕೆ ನಮ್ಮ ಓಣಿಯ ಯಾರನ್ನು ಬೇಕಾದರೂ ಕೇಳಿರಿ, ಸಾಕ್ಷಿ ಹೇಳುತ್ತಾರೆ. ಎರಡು ಸಲ ಫೇಲು ಮಾಡಿಸಿದ್ದೂ ಅವನೇ ಇರಬೇಕು. ಮೊದಲನೆಯ ಸಲವೇ ಪಾಸಾಗಿದ್ದರೆ, ನಾನು ಪ್ರತಿ ಗೋಪುರಕ್ಕೂ ಕೈ ಬಿಟ್ಟುಕೊಂಡು ಆ ಹಳ್ಳಿಗಳಲ್ಲೆಲ್ಲ ಓಡಾಡುತ್ತಿದ್ದೆ. ಎಂದೋ ಒಂದು ದಿನ ಯಾವುದೋ ಮುದುಕಿ ಅಡ್ಡ ಬರುತ್ತಿದ್ದಳು, ಪಕ್ಕದಲ್ಲಿ ಬ್ರೇಕ್ ಒತ್ತುವವರು ಯಾರೂ ಇರುತ್ತಿರಲಿಲ್ಲ. ನಾನು ಕೇಳಿದ್ದು ಲೈಸೆನ್ಸ್. ಅವನು ಕೊಡುವ ಮೊದಲು ಓಡಿಸುವುದನ್ನು ಕಲಿಸಿದ.

ಹರಕೆಯ ರುದ್ರಾಭಿಷೇಕವನ್ನು ಅಣ್ಣ ಮಾರನೆಯ ಸೋಮವಾರವೇ ಮಾಡಿಸಿದ. ಉಳಿದ ದೇವರುಗಳದ್ದು ಮುಂದಿನ ರಜೆಯಲ್ಲಿ ಒಂದೊಂದಾಗಿ ತೀರಿಸಬೇಕು. ಅವರಲ್ಲಿ ಈಗ ಒಬ್ಬರ ವಿಷಯ ಒಬ್ಬರಿಗೆ ತಿಳಿದಿರುತ್ತದೆ, ಕ್ಷಮಿಸಲಿ. ನಂಬಿದವರಲ್ಲಿ ನನ್ನ ಮಾತು ಇಷ್ಟೇ: ದೇವರ ಹತ್ತಿರ ಜಗಳವಾಡಬೇಕೆನಿಸಿದರೆ ಆಡಿರಿ, ಆದರೆ ಅವನ ಎದುರಿಗೇ ಹೋಗಿ ಆಡಿರಿ. ಮನೆಯಲ್ಲಿ ಕೂತು ಗೊಣಗಿದ್ದರೆ ನನಗೆ ಆ ಕೊಡದ ಮಾತು ಸಿಗುತ್ತಿರಲಿಲ್ಲ.

ಫೆಬ್ರುವರಿ ಹದಿನಾರರ ಬೆಳಿಗ್ಗೆ ನನ್ನ ಹಳೆಯ ಲೈಸೆನ್ಸಿನ ಅವಧಿ ಮುಗಿದಿತ್ತು. ಹೊಸದರ ಮೇಲೆ ಗಾಡಿ ತೆಗೆದೆ. ಆ ದಿನದ ಕೊನೆಯ ಮನೆ ಒಬ್ಬ ಅಜ್ಜನದು. ಒಂಟಿ ಮನುಷ್ಯ, ಮರೆವು. ಗುಳಿಗೆ ನುಂಗಿಸಿ, ಹೊದಿಕೆ ಸರಿ ಮಾಡಿ, ಹೊರಡುವಾಗ ಅವರು ಯಾವಾಗಲೂ ಒಂದೇ ಮಾತು ಕೇಳುತ್ತಾರೆ: "ನಾಳೆ ಬರುವವರು ಯಾರು?" ಎಷ್ಟೋ ವಾರಗಳಿಂದ ನಾನು 'ಯಾರಾದರೂ ಬರುತ್ತಾರೆ' ಎಂದು ಹೇಳಿ ಬಾಗಿಲು ಎಳೆದುಕೊಂಡು ಬರುತ್ತಿದ್ದೆ. ಆ ದಿನ ತಿರುಗಿ ನಿಂತು, ಅವರ ಕೈ ಹಿಡಿದು, "ನಾನೇ ಬರುತ್ತೇನೆ" ಎಂದೆ.